ಎಂಜಿನ್ನಿನೊಳಗೆ ಉಳಿದ ಅರಿವಿ

ವಸತಿ ನಿಲಯ, ವಿಜಾಪುರ
ಸೋಮವಾರ, 9-2-1976

ರಾಚವ್ವಕ್ಕನಿಗೆ ಅಮೋಘಿಯ ಶರಣು. ಹೊಟ್ಟೆಯಲ್ಲಿರುವ ಮರಿಗೆ ಅರ್ಧ ಶರಣು, ಉಳಿದರ್ಧ ಮುಖ ನೋಡಿದ ಮೇಲೆ.

ನಾನು ಆರಾಮ ಇದ್ದೇನೆ ಎಂದು ಬರೆಯುವುದು ಪದ್ಧತಿ. ಆದರೆ ಈ ಸಲ ಹಾಗೆ ಬರೆಯಲಾರೆ. ನೀನು ಹೇಳಿದ ಕೆಲಸಕ್ಕೆ ಹೋಗಿದ್ದೆ, ಮಾಡದೆ ಬಂದಿದ್ದೇನೆ. ಅದಕ್ಕೇ ಇಷ್ಟು ದೊಡ್ಡ ಪತ್ರ.

ನಿನ್ನ ಯಜಮಾನರು, ನಮ್ಮ ಮಾವ, ಟಿಕೋಟಾದ ಮೆಹಬೂಬ ಉಸ್ತಾದರ ಎಂಜಿನ್ ರಿಪೇರಿ ಅಂಗಡಿ ಬಿಟ್ಟು ಇಲ್ಲಿ ಜೋರಾಪುರ ಪೇಟೆಯ ಎಂಜಿನ್ ಏಜೆನ್ಸಿ ಸೇರಬೇಕು, ಏಜೆನ್ಸಿಯವರು ಈ ಶನಿವಾರದವರೆಗೆ ಮಾತ್ರ ಕಾಯುತ್ತಾರೆ ಎಂದು ನೀನು ಬರೆದಿದ್ದೆ. "ನೀ ಡಿಪ್ಲೊಮಾ ಕಲಿಯಾಂವ, ನಿನ್ನ ಮಾತು ಕೇಳ್ತಾರ, ಹೋಗಿ ಒಪ್ಪಸು" ಅಂದಿದ್ದೆ. ನಳ ಇರುವ ಮನೆ, ಹತ್ತಿರದಲ್ಲೇ ದವಾಖಾನೆ, ಸಂಜೆಗೆ ಮನೆಗೆ ಬರುವ ಗಂಡ. ನೀನು ಬಬಲೇಶ್ವರದಲ್ಲಿ ಅವ್ವನ ಹತ್ತಿರ ಕುಳಿತು ಇಷ್ಟನ್ನು ಬೇಡಿದರೆ ಅದು ಹೆಚ್ಚಿನದಲ್ಲ. ನಾನೂ ಒಪ್ಪಿಕೊಂಡೇ ಹೊರಟಿದ್ದೆ.

ಅದಕ್ಕೇ ಶುಕ್ರವಾರ ಏಜೆನ್ಸಿ ನೋಡಲು ಹೋದೆ. ಅಕ್ಕಾ, ಅಲ್ಲಿಯದು ನಮ್ಮ ಕಾಲೇಜಿನ ವರ್ಕ್‌ಶಾಪಿಗಿಂತ ಸ್ವಚ್ಛ. ಗೋಡೆಗೆ ಹಲಗೆ, ಬೋಲ್ಟು ಬಿಚ್ಚುವ ಒಂದೊಂದು ಪಾನಾಕ್ಕೂ ಅದರದೇ ಆಕಾರದ ಬಣ್ಣದ ಗುರುತು. ಎಲ್ಲರಿಗೂ ಖಾಕಿ ಅಂಗಿ. ಎಂಜಿನ್ ಎತ್ತಲು ಸರಪಳಿಯ ರಾಟೆ, ನಾಲ್ಕು ಜನ ಹೆಗಲು ಕೊಡಬೇಕಿಲ್ಲ. ನಾನಾಗಿದ್ದರೆ ಅಲ್ಲೇ ಸಹಿ ಮಾಡುತ್ತಿದ್ದೆ.

ಶಿವಶರಣಪ್ಪ ಎಂಬ ಹಿರಿಯ ಫಿಟ್ಟರ್ ಎಲ್ಲ ತೋರಿಸಿದರು, ಚಹಾ ಕುಡಿಸಿದರು. ಹೊರಗೆ ಬಂದ ಮೇಲೆ ಮೆಲ್ಲಗೆ ಹೇಳಿದರು: "ತಮ್ಮಾ, ಹನ್ನೊಂದು ವರ್ಷದಾಗ ನಾ ಒಂದೂ ತಪ್ಪು ಮಾಡಿಲ್ಲ ನೋಡು. ಕಾಗದದ ಮ್ಯಾಲ." ಅಲ್ಲಿ ಯಾರ ಕೈಯಿಂದ ತಪ್ಪಾಯಿತೋ ಅವರ ಹೆಸರನ್ನು ಬಾಗಿಲ ಬಳಿಯ ಕರಿಹಲಗೆಯ ಮೇಲೆ ಬರೆಯುತ್ತಾರಂತೆ, ಗಿರಾಕಿಗಳಿಗೂ ಕಾಣುವಂತೆ. ಅದಕ್ಕೇ ಏನು ಕೆಟ್ಟರೂ ಎಲ್ಲರೂ ಬರೆಯುವುದು ಒಂದೇ: "ಗಿರಾಕಿ ಎಣ್ಣೆ ಹಾಕಿಲ್ಲ." ನನಗೆ ಅದು ದೊಡ್ಡದೆನಿಸಲಿಲ್ಲ. ಐದನೇ ಇಯತ್ತೆಯಿಂದ ಹಾಸ್ಟೆಲಿನಲ್ಲಿ ಬೆಳೆದವನು ನಾನು, ಒಡೆದದ್ದನ್ನು ಮುಚ್ಚಿಡುವುದು ಅಲ್ಲಿ ಮೊದಲ ಪಾಠ.

ನಿನ್ನೆ ರವಿವಾರ ಮೊದಲ ಬಸ್ಸಿಗೆ ಟಿಕೋಟಾಕ್ಕೆ ಹೋದೆ. ಉಸ್ತಾದರ ಅಂಗಡಿಗೆ ಸೂಟಿ ಶುಕ್ರವಾರ, ರವಿವಾರ ಕೆಲಸ. ತಗಡಿನ ಮಾಡು, ಮಣ್ಣಿನ ನೆಲ, ಎಲ್ಲೆಡೆ ಡೀಸೆಲ್ ವಾಸನೆ. ಮಾವ ನನ್ನನ್ನು ಕಂಡು, "ಬಾರಲೇ ಇಂಜಿನಿಯರಾ, ಕೈ ಹೊಲಸ ಮಾಡ್ಕೊಳ್ಳಾಕ ಬಂದೀ ಏನು?" ಅಂದರು. ಎಲ್ಲರೂ ಬಸಿಯಲ್ಲಿ ಚಹಾ ಹಿಡಿದು ಸುತ್ತಲೂ ಕುಳಿತಿದ್ದರು. ಪಾನಾ ಮುಟ್ಟುವ ಮೊದಲು ಅಲ್ಲಿ ಒಂದು ರೂಢಿ ಇದೆ: ಹಿಂದಿನ ದಿನ ತನ್ನ ಕೈಯಿಂದ ಆದ ತಪ್ಪನ್ನು ಪ್ರತಿಯೊಬ್ಬರೂ ಹೇಳಬೇಕು. ಮೊದಲು ಉಸ್ತಾದರೇ. "ನಿನ್ನೆ ನಾ ಗ್ಯಾಸ್ಕೆಟ್ ಉಲ್ಟಾ ಕೂಡಿಸಿದ್ನೆಪಾ. ನಲವತ್ತು ವರ್ಷದ ಕೈ, ಹಿಂಗ ಮಾಡ್ತದ" ಅಂದರು. ಎಲ್ಲರೂ ನಕ್ಕರು, ಅವರೂ ನಕ್ಕರು.

ಆಮೇಲೆ ಮಾವನ ಸರದಿ. ಮಾವ ಬಸಿ ಕೆಳಗಿಟ್ಟರು. ಹಿಂದಿನ ದಿನ ಕನಮಡಿಯ ಬಸಗೊಂಡಪ್ಪನವರ ತೋಟದ ಎಂಜಿನ್ ರಿಪೇರಿಗೆ ಹೋಗುವಾಗ ಹಳೆ ಬಟ್ಟೆ ಹರಿದು ಮಾಡಿದ, ಕೈ ಒರೆಸುವ ಅರಿವಿಯ ತುಂಡು ಆರು ಒಯ್ದಿದ್ದರು. ಇಲ್ಲಿ ಅರಿವಿಯನ್ನೂ ಎಣಿಸಿ ಒಯ್ಯುತ್ತಾರೆ, ಎಣಿಸಿ ತರುತ್ತಾರೆ. ಬೆಳಿಗ್ಗೆ ಚೀಲದಲ್ಲಿ ಇದ್ದದ್ದು ಐದೇ. "ಒಂದು ಒಳಗ ಉಳದದ ಅನಸ್ತದರಿ ಉಸ್ತಾದ" ಅಂದರು. ಎಂಜಿನ್ ಹಿಂದಿನ ದಿನ ಛಲೋ ಓಡಿತ್ತು, ಬಸಗೊಂಡಪ್ಪ ಖುಷಿಯಿಂದ ಕಳಿಸಿದ್ದರು. ಆದರೆ ಆ ತುಂಡು ಎಣ್ಣೆ ಹೀರುವ ಜಾಳಿಗೆಗೆ ಬಂದು ಕುಳಿತರೆ ಎಣ್ಣೆ ಮೇಲೆ ಹತ್ತುವುದಿಲ್ಲ, ಬೇರಿಂಗ್ ಸುಟ್ಟುಹೋಗುತ್ತದೆ.

ಅಕ್ಕಾ, ಸುಮ್ಮನಿದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಹೇಳು? ಈಗ ಬೈಗಳು ಬೀಳುತ್ತವೆ ಎಂದುಕೊಂಡೆ. ಉಸ್ತಾದರು ಮಾವನಿಗೆ ಒಂದೇ ಮಾತು ಕೇಳಿದರು: "ಮಲಕಾಜಪ್ಪಾ, ನಾವು ಅರಿವಿ ಎಣಸೂದು ಯಾವಾಗ? ಅಂಗಡಿಗಿ ಬಂದ ಮ್ಯಾಲ. ಅದ ತಪ್ಪು. ಇನ್ನ ಮ್ಯಾಲ ಎಂಜಿನ್ ಮುಚ್ಚೂಕಿಂತ ಮೊದಲ ಎಣಸೂಣು. ಏಳ್ರಿ, ಜೀಪ ಹಿಡೀರಿ." ಅಷ್ಟೇ. ತಾವೂ ಹೊರಟರು. ನಾನೂ ಹತ್ತಿದೆ.

ಕನಮಡಿ ಮುಟ್ಟುವಷ್ಟರಲ್ಲಿ ಎಂಜಿನ್ ಓಡುತ್ತಿತ್ತು, ಗೋದಿಗೆ ನೀರು ಹರಿಯುತ್ತಿತ್ತು. ಮಾವ ಓಡಿಹೋಗಿ ಬಂದ್ ಮಾಡಿದರು. ಬಸಗೊಂಡಪ್ಪ ಸಿಟ್ಟಿಗೆದ್ದರು. "ನಿನ್ನೆ ಬೆಸ್ಟ್ ಆಗೇದ ಅಂದಿ, ಇವತ್ತ ಮತ್ತ ಬಿಚ್ಚತೀನಿ ಅಂತೀ! ಎಂಜಿನ್ ಅಂದ್ರ ನಿಮ್ಮತ್ತಿ ಮನಿ ಬುತ್ತಿಗಂಟ ಅಂತ ತಿಳದೀ ಏನಲೇ, ಬೇಕಂದಾಗ ಬಿಚ್ಚಾಕ?"

"ತಪ್ಪು ನಂದರಿ ಯಪ್ಪಾ. ಒಳಗ ಅರಿವಿ ಬಿಟ್ಟೀನಿ."

ಬಸಗೊಂಡಪ್ಪ ಮಾವನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ, "ರಿಪೇರಿಗಿ ಬಂದಿದ್ಯೋ, ಕುಪ್ಪಸ ಹೊಲಿಯಾಕ ಬಂದಿದ್ಯೋ?" ಅಂದರು. ಉಸ್ತಾದರ ಕಡೆ ತಿರುಗಿ, "ಇಂವಾ ಬ್ಯಾಡ, ನೀವ ಬಿಚ್ಚರಿ" ಅಂದರು. ಉಸ್ತಾದರು ಬೋಲ್ಟು ಹಾಕುವ ಪರಾತ ಹಿಡಿದು ಬಿಸಿಲಲ್ಲಿ ನಿಂತಿದ್ದರು. "ಕೈ ಅವಂದ ಛಲೋ ಅದರಿ ಗೌಡ್ರ. ನಾ ಬಂದದ್ದು ಬೈಗಳ ಹಂಚಿಕೊಳ್ಳಾಕ" ಅಂದರು.

ಮಾವ ಬಗ್ಗಿ ಕೆಳಗಿನ ಮುಚ್ಚಳ ತೆಗೆದರು. ಅರಿವಿ ಅಲ್ಲೇ ಇತ್ತು, ಕರಿ ಜಿಗಣೆಯ ಹಾಗೆ ಜಾಳಿಗೆಯ ಅರ್ಧಕ್ಕೆ ಅಂಟಿಕೊಂಡು. ಇನ್ನೊಂದು ತಾಸು ಓಡಿದ್ದರೆ ಮುಗಿಯುತ್ತಿತ್ತು. ಬಸಗೊಂಡಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಗುಡಿಸಲಿನತ್ತ ತಿರುಗಿ ನಮಗೆಲ್ಲ ರೊಟ್ಟಿ ಬಡಿಯಲು ಕೂಗಿ ಹೇಳಿದರು. ಊಟದ ಹೊತ್ತಿಗೆ ಬಾಜೂ ತೋಟದವರು ಇಬ್ಬರು ಬಂದು ನಮ್ಮ ಎಂಜಿನ್ನೂ ನೋಡಿ ಹೋಗ್ರಿ ಅಂದರು. ಅವರು ಕರೆದದ್ದು ಉಸ್ತಾದರನ್ನಲ್ಲ, ಮಾವನನ್ನು.

ಮುಚ್ಚುವ ಮೊದಲು ಮಾವ ಅರಿವಿ ಎಣಿಸಿದ್ದನ್ನು ನೀನು ನೋಡಬೇಕಿತ್ತು. ಗಟ್ಟಿಯಾಗಿ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ.

ಅಕ್ಕಾ, ಮಾವನ ಕೈ ಹುಷಾರಿ ಎಂದು ಮದುವೆಯಲ್ಲಿ ಎಲ್ಲರೂ ಹೊಗಳಿದ್ದರು, ನಾನೂ ತಲೆ ಆಡಿಸಿದ್ದೆ. ಆ ಕೈ ಎಲ್ಲಿ ತಯಾರಾಯಿತು ಎಂದು ಯೋಚಿಸಿರಲಿಲ್ಲ. ಒಳ್ಳೆಯ ಪಾನಾ, ಖಾಕಿ ಅಂಗಿ, ರಾಟೆ ಎಲ್ಲ ಬೇಕು, ಅವು ಸುಳ್ಳಲ್ಲ. ಆದರೆ ತಪ್ಪಿದವನ ಜೊತೆ ಬಿಸಿಲಲ್ಲಿ ನಿಲ್ಲುವ ಮಾಲೀಕ ಎಷ್ಟು ಕಡೆ ಸಿಗುತ್ತಾನೆ? ಇವತ್ತು ನಾನು ಕಾಲೇಜಿನಲ್ಲಿ ನಮ್ಮ ಸರ್ ಹತ್ತಿರ ಹೋದೆ. ಹೋದ ವಾರ ಪ್ರಾಕ್ಟಿಕಲ್‌ನಲ್ಲಿ ನಾನು ಉಜ್ಜಿದ ಕಬ್ಬಿಣದ ತುಂಡು ಅಳತೆಗಿಂತ ಸಣ್ಣದಾಗಿತ್ತು. ಉಜ್ಜುವ ಅರವೇ ಸರಿ ಇಲ್ಲ ಎಂದು ಹೇಳಿ ಪಾರಾಗಿದ್ದೆ, ಅರ ಕೊಟ್ಟ ಸ್ಟೋರಿನ ಗುರಣ್ಣ ಬೈಸಿಕೊಂಡಿದ್ದ. ಅರ ಸರಿ ಇತ್ತು, ಅಳತೆ ತೆಗೆದುಕೊಳ್ಳಲು ಮರೆತವನು ನಾನು ಎಂದು ಹೇಳಿದೆ. ಹೇಳುವುದು ಸುಲಭವಿರಲಿಲ್ಲ. ಸರ್ ಗುರಣ್ಣನನ್ನು ಕರೆಸಿ ಅವನ ಮುಂದೆಯೇ ಮತ್ತೊಮ್ಮೆ ಹೇಳಿಸಿದರು. ಅದು ಇನ್ನೂ ಕಷ್ಟವಾಯಿತು.

ಮಾವನನ್ನು ಒಪ್ಪಿಸುವ ಮಾತು ನನ್ನ ಬಾಯಿಂದ ಬರಲಿಲ್ಲ. ಸಿಟ್ಟಾಗಬೇಡ. ಅವ್ವಗೆ ಹೇಳು, ಮುಂದಿನ ರವಿವಾರ ಬರುತ್ತೇನೆ. ಕಾಲಿಗೆ ಬಾವು ಬಂದಿದೆ ಎಂದು ನೀನು ಬರೆದಿದ್ದೆ, ನೀರಿನ ಕೊಡ ಎತ್ತಬೇಡ.

ನಿನ್ನ ಅಂಜುಬುರುಕ ತಮ್ಮ,
ಅಮೋಘಿ

ತಾ.ಕ.: ಒಂದು ಮಾತು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ತಿರುಗಿ ಬರುವಾಗ ಜೀಪಿನಲ್ಲಿ ಮಾವನೇ ಕೇಳಿದರು, "ನಿಮ್ಮಕ್ಕ ಕಳಿಸ್ಯಾಳ, ಹೌದಲ್ಲ?" ಹೌದು ಅಂದೆ. "ಆಕಿ ಹೂಂ ಅಂದ್ರ ಶನಿವಾರ ಹೋಗಿ ಸಹಿ ಹಾಕತೀನಿ ಅಂತ ಬರಿ. ಉಸ್ತಾದಗ ಆಗಲೇ ಹೇಳೀನಿ, ಅವರೂ ಹೋಗು ಅಂದಾರ. ಬಾಣಂತಿಗಿ, ಕೂಸಿಗಿ ದವಾಖಾನಿ ಹತ್ರ ಇರಬೇಕು" ಅಂದರು. ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದರೆ ನೀನು ಉಳಿದದ್ದನ್ನು ಓದದೆ ಕಾರ್ಡು ಹಾಕುತ್ತಿದ್ದೆ ಎಂದು ಹೆದರಿದೆ. ಈಗ ಎಲ್ಲ ಓದಿದ್ದೀ. ಹೂಂ ಆಗಲಿ, ಬ್ಯಾಡ ಆಗಲಿ, ನನಗೆ ಬರೆಯಬೇಡ, ನೇರ ಅವರಿಗೇ ಬರೆ. ಬುಧವಾರದ ಟಪಾಲಿಗೆ ಹಾಕಿದರೆ ಶನಿವಾರದೊಳಗೆ ಮುಟ್ಟುತ್ತದೆ.