ಕೋಳಿಮೂಳೆಯ ಶಕುನ

ಕಮಾಂಡರ್ ಆಗಿರೋ ತಮ್ಮ ನ್ಯಿ ಸಾಂಗ್‌ಗೆ,

ಬರ್ಮಾ ಗಡಿಯ ನಮ್ಮ ವಾ ಜನರ ಗುಡ್ಡವನ್ನ ಅಫೀಮಿನ ಹಂಗಿಲ್ಲದೆ ನಾವೇ ಆಳೋಣ ಅಂತ ನೀನು ನಮ್ಮ ಅಫೀಮು ಹೊಲ ಸುಡಿಸಿದೆ. ಅವತ್ತು ಕೋಳಿ ಕೊಯ್ದು, ತೊಡೆಮೂಳೆಯಲ್ಲಿ ಶಕುನ ನೋಡಿ, "ಒಳ್ಳೇದಾಗ್ತದೆ ಅಕ್ಕಾ" ಅಂದೆ. ನಾನು ನಂಬಿದೆ.

ಈಗ ನಿನ್ನ ಶಿಬಿರದ ಹಿಂದೆಯೇ ನಶೆ ಮಾತ್ರೆಯ ಫ್ಯಾಕ್ಟರಿ. ಅದರ ಕಾವಲಿಗೆ ನೀನು ನನ್ನ ಮಗನನ್ನೇ ಹಾಕಿದೆ. ಅವನು ಮಾತ್ರೆ ನುಂಗಿದ ಅಂತ ನೀನೇ ನೆಲದಲ್ಲಿ ತೋಡಿದ ಗುಂಡಿ ಜೈಲಿಗೆ ತಳ್ಳಿದೆ. ಮಾಡಿಸಿದವನು ಕಮಾಂಡರ್, ನುಂಗಿದವನು ಕೈದಿ. ಚೆನ್ನಾಗಿದೆ ನಮ್ಮ ಆಳ್ವಿಕೆ.

ನಿನ್ನೆ ಅವನನ್ನ ನೋಡಿ ಬಂದೆ. ಕಂಬಳಿ ಕೊಡೋಕೆ ಕಾವಲಿನವರು ಬಿಡಲಿಲ್ಲ, ನೀನಾದರೂ ಕೊಡಿಸು. ಹೊಸಕ್ಕಿ ಹಬ್ಬಕ್ಕೆ ಶಕುನ ನೋಡೋಕೆ ಕೋಳಿ ಕೊಯ್ಯಬೇಡ. ಆ ಗುಂಡಿಗೆ ಬಗ್ಗಿ ನೋಡು. ನಿನ್ನ ಸೋದರಳಿಯನ ಮೂಳೆಗಳೆಲ್ಲ ಎದ್ದು ಕಾಣ್ತಾವೆ, ಅದರಲ್ಲೇ ನೋಡಿಕೋ.

ನಿನ್ನನ್ನ ಬೆನ್ನಿಗೆ ಕಟ್ಟಿಕೊಂಡು ಅಫೀಮು ಕಾಯಿ ಗೀರಿದ ಅಕ್ಕ,
ಯೆ ಕಾವ್