ಹಬ್ಬದ ಹತ್ತು ದಿನ ಬದಲಾಗದ ದ್ರವ

ಪ್ರೀತಿಯ ವೆನಿಂಗ್ ಅಕ್ಕಾ,

ಸೆಮರಾಂಗ್‌ನ ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೀಯಂತೆ. ಆ ಮಕ್ಕಳ ಅದೃಷ್ಟ. ನೀನು ಅಲ್ಲಿರುವುದಕ್ಕೆ ನಾನೇ ಕಾರಣ ಎಂದು ಬರೆಯಲು ನನಗೆ ಎರಡು ವರ್ಷ ಬೇಕಾಯಿತು.

ಮುರಿದ ಮೂಳೆಯನ್ನು ಹಿಡಿದಿಟ್ಟು, ಅದು ಕೂಡಿದ ಮೇಲೆ ತಾನಾಗಿ ಕರಗಿಹೋಗುವ ಮೆಗ್ನೀಸಿಯಂ ಸ್ಕ್ರೂ ನಮ್ಮಿಬ್ಬರ ಕನಸಾಗಿತ್ತು. ನಿನ್ನದೊಂದು ಮಿಶ್ರಲೋಹ, ನನ್ನದೊಂದು; ಮೂಳೆ ಕೂಡುವ ಮೊದಲೇ ಮುಗಿದುಹೋಗದೆ ನಿಧಾನವಾಗಿ ಕರಗುವುದೇ ಗೆಲ್ಲಬೇಕಿತ್ತು. ಜೋಗ್ಜಾದ ನಮ್ಮ ಪ್ರಯೋಗಾಲಯದಲ್ಲಿ ಮೈಬಿಸಿಯಷ್ಟು ಕಾವಿನ ತೊಟ್ಟಿ ಒಂದೇ ಇದ್ದದ್ದರಿಂದ ಸರದಿ. ಉಪವಾಸದ ತಿಂಗಳು ನಿನ್ನದು. ರಕ್ತದ ಉಪ್ಪುಗಳನ್ನೇ ಹಾಕಿ ಕಲಸಿದ ಆ ದ್ರವವನ್ನು ನೀನು ಒಣಗಿದ ಬಾಯಲ್ಲೇ ದಿನವೂ ಚೆಲ್ಲಿ ಹೊಸದು ತುಂಬುತ್ತಿದ್ದೆ. ನನ್ನ ಸರದಿಗೆ ಉಪವಾಸ ಮುಗಿಸುವ ಲೆಬಾರನ್ ಹಬ್ಬ ಬಂತು. ನನ್ನ ಲೋಹದ ಬಿಲ್ಲೆಗಳನ್ನು ದ್ರವದಲ್ಲಿ ಮುಳುಗಿಸಿಟ್ಟು ಊರಿನ ಬಸ್ಸು ಹತ್ತಿದೆ. ಹತ್ತು ದಿನ ಅಮ್ಮನ ಕೋಳಿಸಾರು ಉಂಡೆ.

ಬಂದು ತೂಗಿದರೆ ಬಿಲ್ಲೆಗಳು ಹೆಚ್ಚುಕಡಿಮೆ ಇದ್ದ ಹಾಗೇ ಇದ್ದವು. ನೀನು ಇಣುಕಿ ನಕ್ಕೆ. "ಏನೇ ಕಿನಾಂತಿ, ಉಪವಾಸ ಮಾಡಿ ನಾವೆಲ್ಲ ಸಣ್ಣಗಾದ್ವಿ, ನಿನ್ನ ಬಿಲ್ಲೆ ಮಾತ್ರ ಒಂಚೂರೂ ಇಳಿದಿಲ್ವಲ್ಲೇ! ದ್ರವ ದಿನಾ ಬದಲಾಯಿಸ್ತಿದ್ಯಾ?"

"ಹೂಂ ಅಕ್ಕಾ, ಈ ಸಲ ಊರಿಗೇ ಹೋಗ್ಲಿಲ್ಲ."

"ಅಯ್ಯೋ ಪಾಪ, ಹಬ್ಬದ ದಿನಾನೂ ಇಲ್ಲೇ ಬಿದ್ದಿದ್ಯಾ?" ಎಂದು ನಿನ್ನ ಡಬ್ಬಿಯಲ್ಲಿದ್ದ ಕೆತುಪತ್ ಕಡುಬನ್ನು ನನ್ನ ಕೈಗಿಟ್ಟೆ. ನಾನು ತಿಂದೆ.

ದ್ರವ ಬದಲಾಯಿಸದಿದ್ದರೆ ಲೋಹ ಕರಗಿದಂತೆಲ್ಲ ಅದು ಕ್ಷಾರವಾಗಿ, ಬಿಲ್ಲೆಯ ಮೇಲೆ ಬಿಳಿ ಪೊರೆ ಕಟ್ಟಿ, ಆ ಪೊರೆಯೇ ಕಾವಲು ನಿಲ್ಲುತ್ತದೆ. ಜೀವವಿರುವ ಮೈಯಲ್ಲಿ ರಕ್ತ ಹೀಗೆ ನಿಂತಿರುವುದಿಲ್ಲ. ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮುಖ್ಯಸ್ಥರಾದ ಪಾಕ್ ದಾರ್ಸೋನೋ ನನ್ನ ಲೋಹವನ್ನು ಆರಿಸಿದಾಗ ಬಾಯಿಗೆ ಬೀಗ ಹಾಕಿಕೊಂಡೆ. ನಿನ್ನ ಕೆಲಸ ಹೋಯಿತು.

ಕಳೆದ ತಿಂಗಳು ಮೇಕೆಗಳ ಕಾಲಿಗೆ ನನ್ನ ಸ್ಕ್ರೂ ಕೂರಿಸಲು ದಿನ ಗೊತ್ತುಮಾಡಿದರು. ಆಮೇಲೆ ಮನುಷ್ಯರು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಎರಡೂ ಲೋಹಗಳನ್ನು ಒಟ್ಟಿಗೆ ಮುಳುಗಿಸಿ, ದಿನವೂ ದ್ರವ ಬದಲಾಯಿಸಿದೆ. ನನ್ನದು ಗುಳ್ಳೆ ಬಿಡುತ್ತಾ ಬಿಡುತ್ತಾ ಒಂಬತ್ತನೇ ದಿನ ಬೆರಳಲ್ಲೇ ಮುರಿಯಿತು. ನಿನ್ನದು ಗಟ್ಟಿಯಾಗಿತ್ತು. ಎಲ್ಲವನ್ನೂ ಬರೆದು ಪಾಕ್ ಅವರಿಗೆ ಕೊಟ್ಟೆ. ಓದಿ ಮುಗಿಸಿ, "ಮೇಕೆಗಳೇನೋ ಬಚಾವಾದ್ವು. ವೆನಿಂಗ್‌ಗೆ ಯಾರಮ್ಮ ಹೇಳೋದು?" ಎಂದಷ್ಟೇ ಕೇಳಿದರು.

ಹಬ್ಬದ ದಿನ ನಾವೆಲ್ಲ ಒಬ್ಬರಿಗೊಬ್ಬರು, ತಪ್ಪು ಯಾವುದೆಂದು ಹೇಳದೆಯೇ ಕ್ಷಮೆ ಕೇಳುತ್ತೇವಲ್ಲ, ಹಾಗೆ ಎರಡು ವರ್ಷವೂ ನಿನ್ನನ್ನು ಕೇಳಿದೆ. ನೀನೂ ಏನೆಂದು ಕೇಳದೆ ಕ್ಷಮಿಸಿದೆ. ಅಕ್ಕಾ, ಆ ಎರಡೂ ಕ್ಷಮೆಗಳನ್ನು ಈ ಪತ್ರದ ಜೊತೆ ಹಿಂದಿರುಗಿಸುತ್ತಿದ್ದೇನೆ. ತಪ್ಪು ಯಾವುದೆಂದು ಈಗ ನಿನಗೆ ಗೊತ್ತು. ಮತ್ತೆ ಕೊಡುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ನಿನ್ನ ಲೋಹ ಎಷ್ಟೋ ಜನರ ಮೂಳೆ ಕೂಡಿಸಲಿ ಎಂದು ಹಾರೈಸುವ,
ಕಿನಾಂತಿ