ಅಮಾಲಿಯಾ ಬೆಟ್ಟ

ಸ್ಕಾರ್ವಿಕ್, ಉತ್ತರ ನಾರ್ವೆ
ಶುಕ್ರವಾರ, ೧೩ ಸೆಪ್ಟೆಂಬರ್ ೧೯೨೯

ಪ್ರೀತಿಯ ಹಾಲ್ವರ್ ಅವರಿಗೆ,

ಇವತ್ತು ಉಪವಾಸ. ನೀವು ಹೋದಾಗಿನಿಂದ ಪ್ರತಿ ಶುಕ್ರವಾರ ಸಂಜೆಯ ಪ್ರಾರ್ಥನೆ ಮುಗಿಯುವವರೆಗೆ ಕಾಫಿ ಬಿಟ್ಟು ಏನೂ ಮುಟ್ಟುವುದಿಲ್ಲ. ಹಾಲು ಕರೆದು, ಹುಲ್ಲು ಸಾಲದ ಹಸುಗಳಿಗೆ ಮೀನಿನ ತಲೆ ಬೇಯಿಸಿ ಹಾಕಿ, ಒಲೆಯ ಬೂದಿ ತೆಗೆದು ಈಗ ಕೂತೆ. ಹಿಮ ಹಿಡಿದ ಆ ಎಡಗಾಲಿನ ಬೆರಳು ಹೇಗಿದೆ? ಮೀನೆಣ್ಣೆ ಹಚ್ಚುತ್ತಿದ್ದೀರಾ? ವಿಮಾನ ಹತ್ತುವಾಗ ಪ್ರಾರ್ಥನೆ ಮರೆಯಬೇಡಿ. ಅಷ್ಟು ಮೇಲೆ ಹೋದರೆ ದೇವರು ಹತ್ತಿರವೇ ಸಿಗುತ್ತಾನೆ ಅಂತ ನಗಬೇಡಿ.

ಇಲ್ಲಿ ನಿಮ್ಮ ಹೆಸರು ಜೋರಾಗಿದೆ. ದಕ್ಷಿಣ ಧ್ರುವದ ಕಡೆ ನೀವು ಹಾರಿ ಕಂಡ ಬೆಟ್ಟಗಳ ನಕ್ಷೆಯನ್ನು ಮೇಷ್ಟ್ರು ಬರೆದು ಶಾಲೆಯ ಗೋಡೆಗೆ ಹಾಕಿದ್ದಾರೆ. ಎಲ್ಲಕ್ಕಿಂತ ಎತ್ತರದ್ದು ಅಮಾಲಿಯಾ ಬೆಟ್ಟ. ನಿಮಗೆ ವಿಮಾನ ಕೊಡಿಸಿದ ನಮ್ಮೂರ ಹಡಗಿನ ಸಾಹುಕಾರರ ಹೆಂಡತಿಯ ಹೆಸರು. ಕೊಟ್ಟವರ ಹೆಸರಿಡುವುದು ನಿಮ್ಮವರ ಪದ್ಧತಿ, ಗೊತ್ತು. ಗೊತ್ತಿದ್ದರೆ ಹೊಟ್ಟೆಯುರಿ ಆರುತ್ತದೆಯೇ? ನಾಯಿಬಂಡಿಯ ಮುಂದಿನ ನಾಯಿಗೆ ನನ್ನ ಹೆಸರಿಟ್ಟಿದ್ದೀರೆಂದೂ ಪತ್ರಿಕೆಯಲ್ಲಿ ಬಂತು. ಪಕ್ಕದ ಮನೆ ಓಲಿನಾ ಬಾವಿಯ ಹತ್ತಿರ, "ಏನಕ್ಕಾ, ಅವಳಿಗೆ ಬೆಟ್ಟ, ನಿನಗೆ ನಾಯಿನಾ?" ಅಂದಳು. "ನಾಯಿ ಅವರ ಜೊತೆ ಮಲಗುತ್ತೆ ಕಣೆ, ಬೆಟ್ಟ ಮಲಗುತ್ತಾ?" ಅಂದೆ. ಎಲ್ಲರೂ ನಕ್ಕರು. ಮನೆಗೆ ಬಂದು ಕೊಡ ಕುಕ್ಕಿದ್ದು ಯಾರಿಗೂ ಕಾಣಲಿಲ್ಲ.

ಅದನ್ನೂ ನುಂಗಿಕೊಂಡೇನು. ಆದರೆ ಹೋದ ಭಾನುವಾರ ಇಗರ್ಜಿಯ ಬಾಗಿಲಲ್ಲಿ ಆ ಅಮಾಲಿಯಾ ನನ್ನ ಕೈ ಹಿಡಿದು, "ಹಾಲ್ವರ್ ಇನ್ನೊಂದು ಚಳಿಗಾಲ ಅಲ್ಲೇ ಉಳಿಯೋಕೆ ಒಪ್ಪಿದಾರಂತೆ. ನಿಮಗೆ ಬರೆದೇ ಇರ್ತಾರಲ್ಲ" ಅಂದಳು. ನೀವು ಬರೆದಿರಲಿಲ್ಲ. "ಬರೆದಿದಾರೆ" ಅಂದುಬಿಟ್ಟೆ, ದೇವರ ಮನೆಯ ಹೊಸ್ತಿಲಲ್ಲೇ. ರೇಷ್ಮೆಯ ಕೈಗವಸು ಹಾಕಿದ ಆ ಕೈಯನ್ನು ಹಿಂಡಿ ಬಿಡೋಣ ಅನ್ನಿಸಿತು. ಬೆಟ್ಟ ಅವಳಿಗೇ ಇರಲಿ ಹಾಲ್ವರ್. ಈ ಮಾತು ಮೊದಲು ಬರಬೇಕಾದದ್ದು ನನ್ನ ಕಿವಿಗೆ.

ದೇವರು ನಿಮ್ಮ ಪ್ರಾಣವನ್ನೂ ಆ ರೆಕ್ಕೆಗಳನ್ನೂ ಕಾಯಲಿ. ನಿಮ್ಮ ಜೊತೆಯವರಿಗೆಲ್ಲ ನನ್ನ ಶುಭಾಶಯ ತಿಳಿಸಿ.

ನಿಮ್ಮ
ಗುನ್‌ವೋರ್

ಮರೆತೆ. ಈ ಪತ್ರ ತರುವ ಹಡಗಿನಲ್ಲೇ, ಚಳಿಗಾಲಕ್ಕೆ ಉಳಿಯುವವರಿಗೆಂದು ಊರಿನ ಹೆಂಗಸರು ಹೆಣೆದ ಉಣ್ಣೆಯ ಕಾಲುಚೀಲಗಳ ಪೆಟ್ಟಿಗೆ ಬರುತ್ತದೆ. ನಾನೂ ಕೂತು ಹೆಣೆದೆ. ಎಲ್ಲರ ಹೆಸರಿನದೂ ಇದೆ, ನಿಮ್ಮದಿಲ್ಲ. ಬೇಕಂತಲೇ ಹಾಕಿಲ್ಲ. ಅದೇ ಹಡಗು ಊರಿಗೆ ಮರಳುತ್ತದೆ. ನೀವು ಹತ್ತುತ್ತೀರೋ ಇಲ್ಲವೋ ರೇಡಿಯೋ ತಂತಿಯಲ್ಲಿ ತಿಳಿಸಿ, ನನ್ನ ಹೆಸರಿಗೇ. ತಂತಿ ಕಚೇರಿಗೆ ಹೋಗಿ ಉತ್ತರ ತಂದುಕೊಡೆ ಅಂತ ಓಲಿನಾಳಿಗೇ ಹೇಳಿದ್ದೇನೆ. ದಾರಿಯಲ್ಲಿ ಓದದೆ ಬರುವವಳಲ್ಲ ಅವಳು. ಅದು ನೆನಪಿಟ್ಟುಕೊಂಡು ಬರೆಯಿರಿ.